ಬದನೆಕಾಯಿ ಬಣ್ಣದ ಕಾರು

ಕೆಲವು ತಿಂಗಳಿಂದ ಒಂದು ಕಾರು ತಲೆಯಲ್ಲಿ ಕೂತುಬಿಟ್ಟಿದೆ. ನಾನು ಕೊಳ್ಳುವ ಕಾರಲ್ಲ ಬಿಡಿ. ಅಷ್ಟು ದುಡ್ಡಿಲ್ಲ, ಇದ್ದಿದ್ದರೂ ಧೈರ್ಯ ಇರುತ್ತಿರಲಿಲ್ಲ. 1973ರ ಪೋರ್ಷೆ 911 ಎಂಬ ಸ್ಪೋರ್ಟ್ಸ್ ಕಾರು, ಅಮೆರಿಕದ ಒಂದು ಆನ್‌ಲೈನ್ ಹರಾಜಿನಲ್ಲಿ ಮಾರಾಟಕ್ಕೆ ಬಂದಿತ್ತು. ನಿದ್ದೆ ಬಾರದ ರಾತ್ರಿಗಳಲ್ಲಿ ಹಳೇ ಸ್ಪೋರ್ಟ್ಸ್ ಕಾರುಗಳ ಹರಾಜನ್ನು ಸುಮ್ನೆ ನೋಡುತ್ತಾ ಮಲಗುವುದು ನನ್ನ ಚಟ. ಆ ರಾತ್ರಿ ದೀಪ ಆರಿಸಿ, ಫೋನಿನ ಬೆಳಕು ಇಳಿಸಿಕೊಂಡು ನೋಡುವಾಗ ಈ ಕಾರು ಕಪ್ಪಾಗಿ ಕಂಡಿತು. ಕಪ್ಪು 911 ಬೇಕಾದಷ್ಟಿವೆ. ಮುಂದಕ್ಕೆ ತಳ್ಳುವವನಿದ್ದೆ, ಅಷ್ಟರಲ್ಲಿ ಹೆಬ್ಬೆರಳು ತಾಗಿ ಎರಡನೇ ಫೋಟೋ ತೆರೆದುಕೊಂಡಿತು. ಅದರಲ್ಲಿ ಕಾರು ಕಂದು. ಮೂರನೆಯದರಲ್ಲಿ, ಹೆಡ್‌ಲೈಟಿನ ಸುತ್ತ ಬಿಸಿಲು ಬಿದ್ದ ಕಡೆ, ನೇರಳೆ. ಮೇಲೆ ಬರೆದಿದ್ದ ಹೆಸರು ನೋಡಿದೆ. ಆಬರ್ಜಿನ್. ಅಂದರೆ ಬದನೆಕಾಯಿ. ಹೆಸರಿಟ್ಟವರು ಎಂಥ ಬದನೆಕಾಯಿ ನೋಡಿದ್ದರೋ ಏನೋ, ಆದರೆ ಆ ಹೊಳಪು, ಆ ಮಂಕು, ಎರಡನ್ನೂ ಸರಿಯಾಗಿ ಹಿಡಿದಿದ್ದರು.

ಬೆಳಿಗ್ಗೆ ಎದ್ದು ಅದೇ ಫೋಟೋವನ್ನು ಲ್ಯಾಪ್‌ಟಾಪಿನಲ್ಲಿ ತೆರೆದರೆ ಅದು ರಾತ್ರಿಯ ಕಾರೇ ಅಲ್ಲ. ಹಳೇ ಮರದ ಬೀರುವಿಗೆ ಯಾರೋ ವೈನ್ ಬಣ್ಣ ಬಳಿದ ಹಾಗಿತ್ತು. ಹೆಂಡತಿಯನ್ನು ಕರೆದು "ಇದು ಯಾವ ಬಣ್ಣ ಹೇಳು" ಅಂದೆ. "ಕಂದು ಅಲ್ವಾ?" ಅಂದಳು, ಇದೂ ಒಂದು ಪ್ರಶ್ನೆಯಾ ಅನ್ನುವ ಹಾಗೆ. ಒಂಬತ್ತು ವರ್ಷದ ಮಗಳು ನನ್ನ ಭುಜದ ಮೇಲಿಂದ ಬಗ್ಗಿ ನೋಡಿ "ಅಲ್ಲಪ್ಪಾ, ನೇರಳೆ" ಅಂದಳು. ಒಂದೇ ಪರದೆ, ಒಂದೇ ಫೋಟೋ, ಪಕ್ಕ ಪಕ್ಕ ನಿಂತ ಇಬ್ಬರು. ಇಬ್ಬರೂ ಅವರವರ ಮಾತಿಗೇ ಅಂಟಿಕೊಂಡರು. ಅದೇ ಹೊತ್ತಿಗೆ ಆ ಕಾರಿಗೆ ಜನ ದೂರದೂರದಿಂದ ಸಾವಿರಾರು ಡಾಲರ್ ಏರಿಸುತ್ತಿದ್ದರು. ಅವರಿಗೆಲ್ಲ ಅದು ಯಾವ ಬಣ್ಣವಾಗಿ ಕಾಣುತ್ತಿತ್ತು? ಈ ಪ್ರಶ್ನೆ ಅವತ್ತಿನಿಂದ ಬಿಟ್ಟಿಲ್ಲ.

ಹಳೇ ಕಾರನ್ನು ಎದುರು ನಿಂತು ಕೊಳ್ಳುವಾಗ ಬಣ್ಣಕ್ಕೆ ಬೇಕಾದಷ್ಟು ಪೈಪೋಟಿ ಇರುತ್ತದೆ. ಬಾಗಿಲು ಹಾಕಿದಾಗ ಬರುವ ಸದ್ದು, ಒಳಗಿನ ಹಳೇ ರೆಕ್ಸಿನ್ ವಾಸನೆ, ಕ್ಲಚ್ಚಿನ ಭಾರ, ಎಂಜಿನ್ ತಣ್ಣಗಿದ್ದಾಗ ಮೊದಲ ಸಲ ಸ್ಟಾರ್ಟ್ ಮಾಡಿದರೆ ಬರುವ ಹೊಗೆ. ಮೂಗು, ಕಿವಿ, ಕೈ ಎಲ್ಲ ಅವರವರ ಅಭಿಪ್ರಾಯ ಹೇಳುತ್ತವೆ. ಪರದೆಯ ಮೇಲೆ ಇವೆಲ್ಲ ಬಾಯಿ ಮುಚ್ಚುತ್ತವೆ. ಸದ್ದಿಗೊಂದು ವಿಡಿಯೋ ಹಾಕುತ್ತಾರೆ, ಆದರೆ ಅದು ಫೋನಿನ ಪುಟ್ಟ ಸ್ಪೀಕರಿನಲ್ಲಿ ಮಿಕ್ಸಿ ತಿರುಗಿದ ಹಾಗೆ ಕೇಳುತ್ತದೆ. ಉಳಿಯುವುದು ಕಣ್ಣೊಂದೇ. ಕಣ್ಣಿಗೆ ಮೊದಲು ಬೀಳುವುದು ಬಣ್ಣ. ಹಾಗಾಗಿ ಬಣ್ಣವನ್ನಾದರೂ ಪೂರ್ತಿ ನೋಡಿದ್ದೇವೆ ಅಂತ ಅಂದುಕೊಳ್ಳುತ್ತೇವೆ. ಆದರೆ ಇಡೀ ಕಾರಿನಲ್ಲಿ ಪರದೆಗೆ ಸರಿಯಾಗಿ ತೋರಿಸಲು ಬಾರದ್ದು ಅದೇ. ತುಕ್ಕು ಹಿಡಿದ ಜಾಗವನ್ನು ಫೋಟೋ ನಿಜವಾಗಿ ತೋರಿಸುತ್ತದೆ, ಹರಿದ ಸೀಟನ್ನೂ ತೋರಿಸುತ್ತದೆ. ಬಣ್ಣದ ವಿಷಯಕ್ಕೆ ಬಂದರೆ ತನಗೆ ತೋಚಿದ್ದು ಹೇಳುತ್ತದೆ.

ಕಂದು ಎಂಬ ಬೆಳಕಿಲ್ಲ

ಬದನೆಕಾಯಿಯ ಹಿಂದೆ ಬಿದ್ದ ಮೇಲೆ ಒಂದಿಷ್ಟು ಓದಿದೆ. ಮೊದಲು ಬೆಚ್ಚಿಬೀಳಿಸಿದ್ದು ಕಂದು ಬಣ್ಣ. ಕಂದು ಅಂತ ಬೇರೆ ಬೆಳಕೇ ಇಲ್ಲವಂತೆ. ಅದು ಮಂಕಾದ ಕಿತ್ತಳೆ, ಅಷ್ಟೆ. ಸುತ್ತ ಅದಕ್ಕಿಂತ ಬೆಳ್ಳಗಿರುವ ಏನಾದರೂ ಇದ್ದರೆ ಮಾತ್ರ ನಮ್ಮ ಕಣ್ಣು ಅದನ್ನು ಕಂದು ಅನ್ನುತ್ತದೆ. ಕತ್ತಲ ಕೋಣೆಯಲ್ಲಿ, ಪರದೆ ತುಂಬ ಕಂದು ಬಣ್ಣವೊಂದನ್ನೇ ಇಟ್ಟು ನೋಡಿ. ಸ್ವಲ್ಪ ಹೊತ್ತಿಗೆ ಅದು ಕಿತ್ತಳೆಯ ಕಡೆ ವಾಲುತ್ತದೆ. ಈಗ ಯೋಚಿಸಿ, ಒಬ್ಬ ಮಾರುವವನು ಕಂದು ಕಾರನ್ನು ಬಿಳಿ ಗೋಡೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದ. ಇನ್ನೊಬ್ಬ ಕಪ್ಪು ಪರದೆ ಕಟ್ಟಿದ ಸ್ಟುಡಿಯೋದಲ್ಲಿ ತೆಗೆದ. ಇಬ್ಬರೂ ಮೋಸ ಮಾಡಿಲ್ಲ. ಕಾರು ಮಾತ್ರ ಎರಡಾಯಿತು.

ಕ್ಯಾಮೆರಾ ತನ್ನದೂ ಒಂದಿಷ್ಟು ಸೇರಿಸುತ್ತದೆ. ಫೋನಿನ ಕ್ಯಾಮೆರಾ ಪ್ರತಿ ಫೋಟೋದಲ್ಲೂ ಬೆಳಕಿನ ಬಣ್ಣವನ್ನು ಊಹಿಸಿ ಸರಿಪಡಿಸಲು ನೋಡುತ್ತದೆ. ಫ್ರೇಮಿನ ತುಂಬ ಕಿತ್ತಳೆ ಬಣ್ಣದ ಕಾರೇ ಇದ್ದರೆ, 'ಓ, ಇಲ್ಲಿ ಬೆಳಕೇ ಕಿತ್ತಳೆ ಇರಬೇಕು' ಅಂತ ತಿಳಿದು ನೀಲಿ ಬೆರೆಸಿಬಿಡುವುದೂ ಉಂಟು. ಕಡುಗೆಂಪು ಕಾರಾದರೆ ಇನ್ನೊಂದು ತೊಂದರೆ. ಕೆಂಪಿನ ಅಳತೆ ತುತ್ತತುದಿ ಮುಟ್ಟಿ ಅಲ್ಲೇ ನಿಲ್ಲುತ್ತದೆ. ಬಾನೆಟ್ಟಿನ ಏರು, ಚಕ್ರದ ಮೇಲಿನ ಬಳುಕು, ಎಲ್ಲ ಸವೆದು ಕಾಗದ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಎಷ್ಟೋ ಕೆಂಪು ಫೆರಾರಿಗಳು ಫೋಟೋದಲ್ಲಿ ಚಪ್ಪಟೆಯಾಗಿ ಕಾಣಲು ಇದೇ ಕಾರಣ. ಇನ್ನು ನಮ್ಮ ಪರದೆಗಳ ವಿಚಾರ. ಇವತ್ತಿಗೂ ಇಂಟರ್ನೆಟ್ಟಿನ ಬಹುಪಾಲು ಫೋಟೋಗಳು ಎಸ್‌ಆರ್‌ಜಿಬಿ ಎಂಬ ಬಣ್ಣದ ಬೇಲಿಯೊಳಗೇ ಇರುತ್ತವೆ. 1996ರಲ್ಲಿ, ಆಗಿನ ಡಬ್ಬ ಮಾನಿಟರುಗಳಿಗೆ ಏನು ಸಾಧ್ಯವೋ ಅದನ್ನು ನೋಡಿ ಹಾಕಿದ ಬೇಲಿ ಅದು. ಕಣ್ಣು ಕುಕ್ಕುವ ಕೆಲವು ಹಸಿರು, ಕಿತ್ತಳೆಗಳು ಆ ಬೇಲಿಯ ಹೊರಗೇ ಉಳಿಯುತ್ತವೆ. ಅವುಗಳ ಬದಲು ಒಳಗಿರುವ ಹತ್ತಿರದ ಬಣ್ಣವೊಂದನ್ನು ನಮಗೆ ತೋರಿಸುತ್ತಾರೆ. ಅಂದರೆ ಕಾರು ಎಷ್ಟು ವಿಚಿತ್ರ ಬಣ್ಣದ್ದೋ ಅದರ ಫೋಟೋ ಅಷ್ಟು ಅಂದಾಜಿನದು.

ಇದರ ಜೊತೆಗೆ ನೋಡುವ ಕೋನ ಬದಲಾದರೆ ಬಣ್ಣ ಬದಲಿಸುವ ಪೇಂಟುಗಳೂ ಇವೆ. ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಕಾರಿನ ಆರ್34 ಮಾದರಿಗೆ 1999ರ ಸುಮಾರಿಗೆ ಮಿಡ್‌ನೈಟ್ ಪರ್ಪಲ್ ಎರಡು, ಆಮೇಲೆ ಮೂರು ಅಂತ ಬಣ್ಣ ಕೊಟ್ಟರು. ಒಂದು ಕಡೆಯಿಂದ ನೇರಳೆ, ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟರೆ ಹಸಿರು, ಇನ್ನೊಂದು ಹೆಜ್ಜೆಗೆ ಕಂಚು. ಕೆಲವೇ ಕೆಲವು ಕಾರುಗಳಿಗೆ ಹೊಡೆದ ಬಣ್ಣ. ಇವತ್ತು ಆ ಕಾರುಗಳ ಹಿಂದೆ ಜನ ಹುಚ್ಚೆದ್ದಿದ್ದಾರೆ. ಆ ಬಣ್ಣದ ಗುಟ್ಟಿರುವುದೇ ನಾವು ನಡೆಯುವುದರಲ್ಲಿ. ಕಾರಿನ ಸುತ್ತ ನಡೆಯದೆ ಅದನ್ನು ಕೊಳ್ಳುವುದು ಹೇಗೆ ಅಂತ ನನಗೆ ಅರ್ಥವಾಗುವುದಿಲ್ಲ. ಆದರೂ ಕೊಳ್ಳುತ್ತಾರೆ.

ಸಮವಸ್ತ್ರ ಬಿಟ್ಟವರು

ವಿಚಿತ್ರ ಬಣ್ಣ ಅನ್ನುತ್ತೇವಲ್ಲ, ಯಾವುದಕ್ಕೆ ಹೋಲಿಸಿ ವಿಚಿತ್ರ? ಸ್ಪೋರ್ಟ್ಸ್ ಕಾರು ಅಂದ ಕೂಡಲೇ ಕೆಂಪು, ಬೆಳ್ಳಿ, ಕಡುಹಸಿರು ಕಣ್ಣಿಗೆ ಬರುವುದು ಯಾರ ಅಭಿರುಚಿಯಿಂದಲೂ ಅಲ್ಲ. ಅದು ಸಮವಸ್ತ್ರ. ಇಪ್ಪತ್ತನೇ ಶತಮಾನದ ಆರಂಭದ ರೇಸುಗಳಲ್ಲಿ ಒಂದೊಂದು ದೇಶಕ್ಕೆ ಒಂದೊಂದು ಬಣ್ಣ. ಫ್ರಾನ್ಸಿಗೆ ನೀಲಿ, ಇಟಲಿಗೆ ಕೆಂಪು, ಜರ್ಮನಿಗೆ ಬಿಳಿ. 1903ರ ಗಾರ್ಡನ್ ಬೆನೆಟ್ ರೇಸು ಐರ್ಲೆಂಡಿನಲ್ಲಿ ನಡೆದಾಗ ಬ್ರಿಟನ್ನಿನ ಕಾರುಗಳು ಆ ನೆಲದ ಗೌರವಕ್ಕೆ ಹಸಿರು ಉಟ್ಟವು, ಮುಂದೆ ಅದೇ ಬ್ರಿಟಿಷ್ ರೇಸಿಂಗ್ ಗ್ರೀನ್ ಆಯಿತು. ಜರ್ಮನಿಯ ಬಿಳಿ ಬೆಳ್ಳಿಯಾದ ಕತೆ ಇನ್ನೂ ಮಜಾ ಇದೆ. 1934ರಲ್ಲಿ ಮರ್ಸಿಡಿಸ್ ಕಾರು 750 ಕಿಲೋ ಮಿತಿಗಿಂತ ಒಂದು ಕಿಲೋ ಜಾಸ್ತಿ ತೂಗಿತಂತೆ. ರಾತ್ರೋರಾತ್ರಿ ಬಿಳಿ ಪೇಂಟನ್ನೇ ಕೆರೆದು ಹಾಕಿ ಬರೀ ಅಲ್ಯೂಮಿನಿಯಮ್ಮಿನಲ್ಲಿ ಓಡಿಸಿದರಂತೆ. ಇದು ನಿಜವೋ ಆಮೇಲೆ ಕಟ್ಟಿದ್ದೋ ಅಂತ ಇತಿಹಾಸದವರು ಇವತ್ತಿಗೂ ಜಗಳ ಆಡುತ್ತಾರೆ. 1968ರಲ್ಲಿ ಲೋಟಸ್ ತಂಡ ಸಿಗರೇಟ್ ಪ್ಯಾಕಿನ ಬಣ್ಣ ಬಳಿದುಕೊಂಡು ಫಾರ್ಮುಲಾ ಒನ್ನಿಗೆ ಬಂದ ಮೇಲೆ ದೇಶದ ಬಣ್ಣಗಳ ಕಾಲ ಮುಗಿಯಿತು. ಆದರೆ ಕೊಳ್ಳುವವರ ತಲೆಯಿಂದ ಅವು ಹೋಗಲಿಲ್ಲ.

ಇದೇ ಹೊತ್ತಿಗೆ ರಸ್ತೆಯ ಕಾರುಗಳಿಗೆ ಬಣ್ಣದ ಜಾತ್ರೆ ಶುರುವಾಯಿತು. 1970ರಲ್ಲಿ ಅಮೆರಿಕದ ಡಾಡ್ಜ್ ಚಾಲೆಂಜರ್ ಕಾರಿಗೆ ಪ್ಲಮ್ ಕ್ರೇಜಿ ಅಂತ ಒಂದು ನೇರಳೆ, ಗೋ ಮ್ಯಾಂಗೋ ಅಂತ ಒಂದು ಕಿತ್ತಳೆ, ಸಬ್‌ಲೈಮ್ ಅಂತ ಒಂದು ಹಸಿರು. ಪ್ಯಾಂಥರ್ ಪಿಂಕ್ ಅಂತ ಗುಲಾಬಿಯೂ ಇತ್ತು. ಅದೇ ಡಬ್ಬಿಯ ಪೇಂಟನ್ನು ಅಕ್ಕನ ಮನೆಯಂತಿದ್ದ ಪ್ಲಿಮತ್ ಕಂಪನಿ ಬೇರೆ ಹೆಸರಿಟ್ಟು ಮಾರುತ್ತಿತ್ತು. ಅಲ್ಲಿ ನೇರಳೆಗೆ ಇನ್-ವಯಲೆಟ್ ಅಂತ ಹೆಸರು, ಗುಲಾಬಿಗೆ ಮೂಲಾ ರೂಜ್. ಪೋರ್ಷೆಯವರು ಜೋಕ್ ಮಾಡಲಿಲ್ಲ. ಸಿಗ್ನಲ್ ಆರೆಂಜ್, ವೈಪರ್ ಗ್ರೀನ್, ಸೆಪಿಯಾ ಬ್ರೌನ್ ಅಂತ ಗಂಭೀರವಾಗಿಯೇ ಹೆಸರಿಟ್ಟು ಅಷ್ಟೇ ಹುಚ್ಚು ಬಣ್ಣ ಕೊಟ್ಟರು. ಆ ಕಾಲದ ಹಳದಿ, ಕಿತ್ತಳೆಗಳ ಖದರಿನ ಹಿಂದೆ ಸೀಸ ಸೇರಿದ ಕ್ರೋಮೇಟ್ ಪುಡಿಗಳಿದ್ದವು. ಕೆಳಗಿನ ಪದರವನ್ನು ಪೂರ್ತಿ ಮುಚ್ಚುತ್ತಿದ್ದವು, ಬಿಸಿಲಲ್ಲಿ ಬೆಂಕಿಯ ಹಾಗೆ ಕಾಣುತ್ತಿದ್ದವು. ಸೀಸ ವಿಷ ಅಂತ ಮುಂದೆ ಅವುಗಳನ್ನು ಕೈಬಿಟ್ಟರು. ಈಗ ಹಳೇ ಕಾರಿನ ಒಂದು ಭಾಗಕ್ಕೆ ಅದೇ ಬಣ್ಣದ ಕೋಡ್ ಹೇಳಿ ಪೇಂಟ್ ಮಾಡಿಸಿದರೆ ಬೇರೆ ಪುಡಿಗಳನ್ನು ಬೆರೆಸಿ ಅದೇ ಬಣ್ಣ ಬರಿಸುತ್ತಾರೆ. ಬಿಸಿಲಲ್ಲಿ ಹೊಸದೂ ಹಳೆಯದೂ ಒಂದೇ ಥರ ಕಾಣುತ್ತವೆ. ಟ್ಯೂಬ್‌ಲೈಟಿನ ಕೆಳಗೆ ತಂದರೆ ಬಾಗಿಲು ಒಂದು ಬಣ್ಣ, ಚಕ್ರದ ಮೇಲಿನ ಫೆಂಡರ್ ಒಂದು ಬಣ್ಣ ಆಗಬಹುದು. ಇದನ್ನು ನಾನು ಬರೀ ಓದಿ ಹೇಳುತ್ತಿಲ್ಲ. ಹಳೇ ಪೇಂಟನ್ನು ಹತ್ತಿರದಿಂದ ನೋಡುವ ಅವಕಾಶ ಒಮ್ಮೆ ಸಿಕ್ಕಿತ್ತು.

ರಬ್ಬರಿನ ಕೆಳಗೆ

ಗೆಳೆಯನೊಬ್ಬ ಜರ್ಮನಿಯಲ್ಲಿ ಕೆಲಸದಲ್ಲಿದ್ದಾನೆ. ಕೆಲವು ವರ್ಷದ ಹಿಂದೆ ಅವನ ಮನೆಯಲ್ಲಿ ಹತ್ತು ದಿನ ಇದ್ದೆ. ಅವನಿಗೆ ಆಗ ಹಳೇ 911 ಕೊಳ್ಳುವ ಗೀಳು. ಆನ್‌ಲೈನಿನಲ್ಲಿ 1974ರ ಕೆಂಪು ಕಾರೊಂದು ಕಂಡಿತ್ತು. ಮೊದಲಿನಿಂದ ಒಬ್ಬರೇ ಮಾಲೀಕರು, ಎಂಟೇ ಎಂಟು ಫೋಟೋ, ಅದರಲ್ಲಿ ಎರಡರಲ್ಲಿ ಮಾಲೀಕರ ಬೆರಳೂ ಬಂದಿತ್ತು. "ಹೀಗೆ ಕೆಟ್ಟದಾಗಿ ಫೋಟೋ ತೆಗೆಯುವವರು ಸುಳ್ಳು ಹೇಳಲ್ಲ ಕಣೋ" ಅಂದ. ಎರಡು ಗಂಟೆ ಗಾಡಿ ಓಡಿಸಿಕೊಂಡು ಒಂದು ಹಳ್ಳಿಗೆ ಹೋದೆವು. ಎಪ್ಪತ್ತು ದಾಟಿದ ಹಿರಿಯರು ಬಾಗಿಲು ತೆರೆದರು. ಅವರು ಜರ್ಮನ್ನಿನಲ್ಲಿ ಹೇಳಿದ್ದನ್ನು ಗೆಳೆಯ ನನಗೆ ಕನ್ನಡದಲ್ಲಿ ಪಿಸುಗುಡುತ್ತಿದ್ದ. ಅರ್ಧ ನನಗೆ ತಲುಪುವ ಹೊತ್ತಿಗೆ ಅವರು ನಕ್ಕು ಮುಂದಿನ ಮಾತಿಗೆ ಹೋಗಿರುತ್ತಿದ್ದರು.

ಶೆಡ್ಡಿನ ಟ್ಯೂಬ್‌ಲೈಟ್ ಕೆಳಗೆ ಕಾರು ಕೆಂಪಾಗಿ, ಸ್ವಲ್ಪ ಬೇಸರದಲ್ಲಿ ನಿಂತಿತ್ತು. ಗೆಳೆಯ ಬಿಳಿ ಬಟ್ಟೆಯಿಂದ ಛಾವಣಿ ಒರೆಸಿದ. ಬಟ್ಟೆಗೆ ಗುಲಾಬಿ ಬಣ್ಣದ ಪುಡಿ ಹತ್ತಿತು. ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇಲ್ಲದ ಹಳೇ ಕೆಂಪಿನ ಗುಣ ಅದು, ಬಿಸಿಲಿಗೆ ಮೇಲ್ಪದರ ಸತ್ತು ಸೀಮೆಸುಣ್ಣದಂತಾಗುತ್ತದೆ. ಜೇಬಿನಿಂದ ಪೇಂಟ್ ಅಳೆಯುವ ಮೀಟರ್ ತೆಗೆದು ಇಟ್ಟ. ಕಾರ್ಖಾನೆಯ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ ಇರುತ್ತದೆ, ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಇಲ್ಲಿ ಬಾಗಿಲ ಮೇಲೆ 280, ಬಾನೆಟ್ಟಿನಲ್ಲಿ 310. (911ರಲ್ಲಿ ಬಾನೆಟ್ ಅಂದರೆ ಡಿಕ್ಕಿ, ಎಂಜಿನ್ ಹಿಂದೆ. ಎಷ್ಟು ಸಲ ಹೇಳಿದರೂ ನಮ್ಮ ಮನೆಯವರು ನಂಬುವುದಿಲ್ಲ.) ಹಿಂದಿನ ಎಡ ಮೂಲೆಗೆ ಇಟ್ಟರೆ 900. ಅಲ್ಲಿ ಪುಟ್ಟಿ ತುಂಬಿದ್ದಾರೆ ಅಂತ ಗೊತ್ತಾಯಿತು. ಗೆಳೆಯ ತಲೆ ಎತ್ತಿ ಹಿರಿಯರ ಮುಖ ನೋಡಿದ. ಅವರು ನಾಚಿಕೊಳ್ಳಲಿಲ್ಲ. "ಹಿಮ" ಅಂದರು. "ಹಿಮ, ಒಂದು ಕಲ್ಲುಗೋಡೆ, ಮತ್ತೆ ನನ್ನ ತಪ್ಪು."

ಆಮೇಲೆ ಗೆಳೆಯ ಬಾಗಿಲು ತೆರೆದು, ಚೌಕಟ್ಟಿನ ರಬ್ಬರ್ ಬೀಡಿಂಗನ್ನು ಹೆಬ್ಬೆರಳ ಉಗುರಿನಿಂದ ಮೆಲ್ಲಗೆ ಎತ್ತಿದ. ನಾನು ಮೊಬೈಲ್ ಟಾರ್ಚ್ ಹಿಡಿದೆ. ಕೆಂಪು ರಬ್ಬರಿನ ಅಂಚಿನವರೆಗೆ ಬಂದು ಅಲ್ಲಿ ಮೆಟ್ಟಿಲಿನಂತೆ ನಿಂತಿತ್ತು. ಅದರಾಚೆ ಹಸಿರು. ಎಂಥ ಹಸಿರು! ಎಳೇ ಬಾಳೆಲೆಯನ್ನು ಬಿಸಿಲಿಗೆ ಹಿಡಿದರೆ ಹಿಂದಿನಿಂದ ಕಾಣುತ್ತದಲ್ಲ, ಹಾಗೆ. ಹೆಚ್ಚೆಂದರೆ ಎರಡು ಬೆರಳಗಲ ಜಾಗ, ಅಷ್ಟರಿಂದಲೇ ಆ ಶೆಡ್ಡಿನೊಳಗೆ ದೀಪ ಹಚ್ಚಿದ ಹಾಗಾಯಿತು. ಬಿಸಿಲು ಕಾಣದೆ, ಧೂಳು ಕಾಣದೆ, ಮಾಡಿದ ದಿನದ ಹೊಳಪು ಹಾಗೇ ಇತ್ತು. ಬಾಗಿಲ ಕಂಬದ ಮೇಲೆ ಪುಟ್ಟ ತಗಡಿನಲ್ಲಿ ಬಣ್ಣದ ನಂಬರ್ ಇತ್ತು. ಗೆಳೆಯ ಫೋನಿನಲ್ಲಿ ಹುಡುಕಿದ. ವೈಪರ್ ಗ್ರೀನ್.

ಹಸಿರನ್ನು ಯಾರು ಮುಚ್ಚಿದ್ದು ಅಂತ ಕೇಳಿದರೆ ಹಿರಿಯರು ತಮ್ಮ ಎದೆ ಮುಟ್ಟಿ ತೋರಿಸಿದರು. ಹಸಿರು ಆರಿಸಿದ್ದೂ ಅವರೇ, ಮುಚ್ಚಿದ್ದೂ ಅವರೇ. ಕೊಂಡಾಗ ಇಪ್ಪತ್ತರ ಪ್ರಾಯ. ಶೋರೂಮಿನವನು ಬಣ್ಣದ ಕಾರ್ಡ್ ಮುಂದಿಟ್ಟ. ಇವರು ಬೆರಳಿಟ್ಟರು. "ನಿಜವಾಗಿಯೂ?" ಅಂತ ಅವನು ಮೂರು ಸಲ ಕೇಳಿದನಂತೆ. ಮೂರನೇ ಸಲ ಕೇಳಿದ್ದಕ್ಕೇ ಹಟ ಬಂತಂತೆ. ಹತ್ತು ಹನ್ನೆರಡು ವರ್ಷ ಓಡಿಸಿದರು. ಎಂಬತ್ತರ ದಶಕದ ನಡುವಿನಲ್ಲಿ ದುಡ್ಡು ಬೇಕಾಗಿ ಪೇಪರಿನಲ್ಲಿ ಜಾಹೀರಾತು ಕೊಟ್ಟರೆ ಒಂದು ಫೋನೂ ಬರಲಿಲ್ಲ. ಆಗ ಎಲ್ಲರಿಗೂ ಕೆಂಪು ಬೇಕು, ಕಪ್ಪು ಬೇಕು. ಹಸಿರು ಅಂದರೆ ಹಳೇ ಕಾಲದ ಹುಚ್ಚು. ಪೇಂಟರನ ಹತ್ತಿರ ಹೋಗಿ ಕೆಂಪು ಹೊಡೆಸಿದರು. ಆಮೇಲೆ ಫೋನ್ ಬಂತು. ಮಾರಲು ಮನಸ್ಸು ಬರಲಿಲ್ಲ. ಹಾಗೆ ಉಳಿದ ಕಾರು.

ಎಪ್ಪತ್ತರ ದಶಕದ ಹುಚ್ಚು ಬಣ್ಣದ ಕಾರುಗಳು ಇವತ್ತು ಕಡಿಮೆ ಯಾಕೆ ಅಂದರೆ, ಕಾರ್ಖಾನೆ ಕಡಿಮೆ ಮಾಡಿತ್ತು ಅನ್ನುವುದು ಒಂದು ಕಾರಣ ಅಷ್ಟೆ. ಇನ್ನೊಂದು ಕಾರಣ ಮುಜುಗರ. ಹೀಗೆ ಎಷ್ಟೋ ಜನ ಹಸಿರನ್ನು, ಕಂದನ್ನು, ಕಿತ್ತಳೆಯನ್ನು ಕೆಂಪಿನ ಕೆಳಗೆ ಹೂತರು. ಮುಚ್ಚದೆ ಉಳಿದವು ಅಪರೂಪವಾದವು, ಅಪರೂಪವಾದದ್ದು ದುಬಾರಿಯಾಯಿತು. ಮಾರಲಿಕ್ಕಾಗದ ಬಣ್ಣ ಅಂತ ಒಂದು ತಲೆಮಾರು ಅಳಿಸಿದ್ದಕ್ಕೇ ಮುಂದಿನ ತಲೆಮಾರಿಗೆ ಅದು ಮಾರುವ ಬಣ್ಣ ಆಯಿತು. ತೊಂಬತ್ತರ ದಶಕದ ಆರಂಭದ 911ಕ್ಕೆ ಪೋರ್ಷೆ ರೂಬಿಸ್ಟೋನ್ ರೆಡ್ ಅಂತ ಕೊಟ್ಟಿತ್ತು. ಹೆಸರಿಗೆ ರೆಡ್, ನೋಡಲು ಅಪ್ಪಟ ರಾಣಿ ಗುಲಾಬಿ. ಆಗ ಮೂಗು ಮುರಿದವರೆಷ್ಟೋ. ಈಗ ಅದೇ ಬಣ್ಣಕ್ಕೆ ಜನ ಜಾಸ್ತಿ ದುಡ್ಡು ಕೊಡುತ್ತಾರೆ.

ಗೆಳೆಯ ಆ ಕಾರು ಕೊಳ್ಳಲಿಲ್ಲ. ತಳದಲ್ಲಿ ತುಕ್ಕು ವಿಪರೀತ ಇತ್ತು. ಒಂದೂವರೆ ವರ್ಷದ ಮೇಲೆ ಒಂದು ಲಿಂಕ್ ಕಳಿಸಿದ. ಅದೇ ಕಾರು. ಟಿಂಕರಿಂಗ್ ಆಗಿ, ಬುಡದಿಂದ ಹೊಸದಾಗಿ, ಹಸಿರಾಗಿ ನಿಂತಿತ್ತು. ನೂರಾರು ಫೋಟೋ. ಒಂದರಲ್ಲೂ ಬೆರಳಿರಲಿಲ್ಲ. 'ಕಾರ್ಖಾನೆಯ ಮೂಲ ಬಣ್ಣಕ್ಕೆ ಮರಳಿಸಲಾಗಿದೆ' ಅಂತ ಒಂದು ಸಾಲು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕಾರು ಕೆಂಪಾಗಿತ್ತು. ಹಸಿರಾಗಿದ್ದದ್ದು ಹತ್ತು ಹನ್ನೆರಡೇ ವರ್ಷ. ಆದರೂ ಕೆಂಪು ಅನ್ನುವುದು ಸರಿಪಡಿಸಬೇಕಾದ ತಪ್ಪಾಗಿ ಆ ಸಾಲಿನಲ್ಲಿ ಮಾಯವಾಗಿತ್ತು. ನನಗೆ ಹಸಿರೇ ಇಷ್ಟ, ಸುಳ್ಳು ಹೇಳಲಾರೆ. ಆದರೂ ಬಟ್ಟೆಗೆ ಹತ್ತಿದ ಆ ಗುಲಾಬಿ ಪುಡಿ ನೆನಪಾಗಿ ಏನೋ ಕಸಿವಿಸಿ ಆಯಿತು.

ಕೊನೆಯ ಎರಡು ನಿಮಿಷ

ಆನ್‌ಲೈನ್ ಮಾರಾಟ ಬಂದ ಮೇಲೆ ಈ ಆಟ ಇನ್ನಷ್ಟು ಜೋರಾಗಿದೆ. ಬ್ರಿಂಗ್ ಎ ಟ್ರೈಲರ್ ತಾಣ 2007ರಲ್ಲಿ ಶುರುವಾದಾಗ ಎಲ್ಲೋ ಮಾರಾಟಕ್ಕಿರುವ ಒಳ್ಳೇ ಹಳೇ ಕಾರುಗಳನ್ನು ಹುಡುಕಿ ತೋರಿಸುವುದಷ್ಟೇ ಅದರ ಕೆಲಸ. 2014ರಿಂದ ತಾನೇ ಹರಾಜು ಹಾಕಲು ಹೊರಟಿತು. ಈಗ ಅಂಥ ತಾಣಗಳು ಹಲವು. ಅಲ್ಲಿ ಕಾರು ನಮಗೆ ಮೊದಲು ಕಾಣುವುದು ಅಂಚೆಚೀಟಿಯಷ್ಟು ಚಿತ್ರವಾಗಿ. ಒಂದು ಪರದೆಯಲ್ಲಿ ಹತ್ತು ಹದಿನೈದು ಚೀಟಿಗಳು. ಹೆಬ್ಬೆರಳು ಓಡುತ್ತಿರುತ್ತದೆ. ಬೆಳ್ಳಿ, ಕಪ್ಪು, ಬೆಳ್ಳಿ, ಬಿಳಿ, ಕೆಂಪು, ಬೆಳ್ಳಿ. ಇದ್ದಕ್ಕಿದ್ದ ಹಾಗೆ ಒಂದು ಗಿಳಿಹಸಿರು. ಹೆಬ್ಬೆರಳು ನಿಲ್ಲುತ್ತದೆ. ಒಂದು ಊರಿನ ಪೇಪರಿನ ಜಾಹೀರಾತಿನಲ್ಲಿ ಹಸಿರು ಕಾರಿಗೆ ಒಬ್ಬ ಗಿರಾಕಿಯೂ ಸಿಗದಿರಬಹುದು. ಇಡೀ ಲೋಕವೇ ನೋಡುತ್ತಿದ್ದರೆ ಆ ಹಸಿರಿಗಾಗಿಯೇ ಕಾದು ಕೂತ ಇಬ್ಬರು ಸಿಕ್ಕೇ ಸಿಗುತ್ತಾರೆ. ಹರಾಜು ಏರಲು ಇಬ್ಬರು ಸಾಕು.

ಬದನೆಕಾಯಿಯ ಹರಾಜು ಮುಗಿಯುವ ಹೊತ್ತು ನನಗೆ ನಡುರಾತ್ರಿ ದಾಟಿತ್ತು. ಈ ಹರಾಜುಗಳಲ್ಲಿ ಒಂದು ನಿಯಮ ಇದೆ. ಕೊನೆಯ ಎರಡು ನಿಮಿಷದೊಳಗೆ ಯಾರಾದರೂ ಬಿಡ್ ಹಾಕಿದರೆ ಗಡಿಯಾರ ಮತ್ತೆ ಎರಡು ನಿಮಿಷಕ್ಕೆ ಹೋಗುತ್ತದೆ. ಹಾಗಾಗಿ ಕೊನೆ ಅನ್ನುವುದು ಬೇಗ ಬರುವುದೇ ಇಲ್ಲ. ನಾಲ್ಕು ಸೆಕೆಂಡ್ ಇರುವಾಗ ಒಂದು ಬಿಡ್. ಮತ್ತೆ ಎರಡು ನಿಮಿಷ. ಒಂಬತ್ತು ಸೆಕೆಂಡ್, ಇನ್ನೊಂದು. ನನ್ನದೇನೂ ಗಂಟು ಹೋಗುತ್ತಿರಲಿಲ್ಲ, ಆದರೂ ಅಂಗೈ ಬೆವರಿತ್ತು. ನಡುನಡುವೆ ಆ ಎರಡು ನಿಮಿಷಗಳಲ್ಲಿ ಮಾಡಲು ಕೆಲಸವಿಲ್ಲದೆ ಫೋಟೋಗಳನ್ನು ಮತ್ತೆ ಮತ್ತೆ ನೋಡಿದೆ. ಹೊಡೆದಾಡುತ್ತಿದ್ದ ಇಬ್ಬರಲ್ಲಿ ಒಬ್ಬ ಕಂದು ಕಾರಿಗೂ ಇನ್ನೊಬ್ಬ ನೇರಳೆ ಕಾರಿಗೂ ಕೂಗುತ್ತಿರಬಹುದಲ್ವಾ ಅನ್ನಿಸಿ ಒಬ್ಬನೇ ನಕ್ಕೆ.

ಕಾರಿನ ವಿವರಣೆಯಲ್ಲಿ 'ಈ ಬಣ್ಣದಲ್ಲಿ ಬಂದ ಕೆಲವೇ ಕಾರುಗಳಲ್ಲಿ ಒಂದು' ಅಂತ ಇತ್ತು. ಈ ಮಾತು ಈಗ ಎಲ್ಲ ಕಡೆ. ಬಣ್ಣ, ಒಳಗಿನ ಸೀಟಿನ ಬಟ್ಟೆ, ಗೇರ್‌ಬಾಕ್ಸ್, ಸನ್‌ರೂಫ್ ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಯಾವ ಕಾರೂ 'ಇಂಥದ್ದು ಇದೊಂದೇ' ಆಗುತ್ತದೆ. ಅಪರೂಪ ಅನ್ನುವುದಕ್ಕಿಂತ ಕತೆಯೇ ಜಾಸ್ತಿ ಕೆಲಸ ಮಾಡುತ್ತದೆ ಅಂತ ನನ್ನ ಅನುಮಾನ. ಹಾಲಿವುಡ್ ನಟ ಸ್ಟೀವ್ ಮೆಕ್ವೀನ್ 'ಲೆ ಮಾನ್ಸ್' ಸಿನಿಮಾದ ಮೊದಲ ದೃಶ್ಯದಲ್ಲಿ ಓಡಿಸುವ 911ರ ಬಣ್ಣ ಸ್ಲೇಟ್ ಗ್ರೇ. ಮಳೆಗಾಲದ ಕಾಂಪೌಂಡ್ ಗೋಡೆಯ ಬೂದು. ಆ ಕಾರು 2011ರಲ್ಲಿ ಅಮೆರಿಕದ ಮಾಂಟೆರೆ ಹರಾಜಿನಲ್ಲಿ 13 ಲಕ್ಷ 75 ಸಾವಿರ ಡಾಲರಿಗೆ ಹೋಯಿತು. ಈಗ ಆ ಬೂದನ್ನು ಯಾರೂ ಮಂಕು ಅನ್ನುವುದಿಲ್ಲ.

ವಿಚಿತ್ರ ಬಣ್ಣದ ಈ ಹುಚ್ಚಿನಿಂದ ಆದ ಇನ್ನೊಂದು ಬದಲಾವಣೆ ನನಗೆ ಅಷ್ಟು ಹಿಡಿಸಿಲ್ಲ. ಕೇಳಿದ ಬಣ್ಣವನ್ನು ಹೊಡೆದುಕೊಡುವ ಪದ್ಧತಿ ಪೋರ್ಷೆಯಲ್ಲಿ ಹಿಂದಿನಿಂದಲೂ ಇದೆ. ಪೇಂಟ್ ಟು ಸ್ಯಾಂಪಲ್ ಅನ್ನುತ್ತಾರೆ. ಮೊದಲು ಅದು ಹಟಮಾರಿಗಳ ದಾರಿ. ಈಗ ಹೊಸ ಕಾರಿಗೆ ವಿಚಿತ್ರ ಬಣ್ಣ ಹೇಳುವವರಲ್ಲಿ ಎಷ್ಟೋ ಜನ ಮುಂದೆ ಮಾರುವಾಗ ಜಾಸ್ತಿ ಬರಲಿ ಅಂತ ಲೆಕ್ಕ ಹಾಕಿಯೇ ಹೇಳುತ್ತಾರೆ. ಬೆಳ್ಳಿ ಆರಿಸುವವನೂ ಮುಂದಿನ ಗಿರಾಕಿಗಾಗಿ ಆರಿಸುತ್ತಿದ್ದ, ಇವನೂ ಅಷ್ಟೆ. ಬಣ್ಣ ಬದಲಾಯಿತು, ಭಯ ಅದೇ. ಮೂರು ಸಲ ಕೇಳಿಸಿಕೊಂಡು ಬೆರಳು ಕದಲಿಸದ ಹುಡುಗ ಬೇರೆ.

ಮತ್ತೆ ಬಂತು

ಹೋದ ವಾರ ಬೇರೆ ತಾಣದಲ್ಲಿ ಒಂದು ಕಾರು ಕಂಡಿತು. 1973ರ 911. ಈ ಸಲ ಮಾರುವವರು ಒಬ್ಬ ಡೀಲರ್. ಸೂರ್ಯ ಮುಳುಗುವ ಹೊತ್ತು, ಒದ್ದೆ ಕಾಂಕ್ರೀಟ್ ನೆಲ, ಹಿಂದೆ ಕತ್ತಲಾಗುತ್ತಿರುವ ಆಕಾಶ. ಕಾರು ಕಡುನೇರಳೆಯಾಗಿ, ಅಂಚುಗಳಲ್ಲಿ ದಾಸವಾಳದ ಕೆಂಪಾಗಿ ಹೊಳೆಯುತ್ತಿತ್ತು. ಚೆನ್ನಾಗಿದೆ, ಬದನೆಕಾಯಿಗಿಂತ ಇದೇ ವಾಸಿ ಅಂದುಕೊಂಡೆ. ಹೆಸರು ನೋಡಿದರೆ ಆಬರ್ಜಿನ್. ಸಂಶಯ ಬಂತು. ಹಳೇ ಪುಟ ತೆರೆದು ಚಾಸಿ ನಂಬರ್ ಹೋಲಿಸಿದೆ. ಅದೇ. ಮುಂದಿನ ಬಲ ಫೆಂಡರಿನ ಮೇಲೆ ಕಲ್ಲು ಸಿಡಿದು ಆಗಿದ್ದ ಅಕ್ಕಿಕಾಳಿನಷ್ಟು ಗಾಯವೂ ಅದೇ ಜಾಗದಲ್ಲಿ ಇತ್ತು. ಪೇಂಟ್ ಮುಟ್ಟಿರಲಿಲ್ಲ. ಮೀಟರಿನ ಫೋಟೋಗಳೂ ಇದ್ದವು, ಬಾಗಿಲ ಮೇಲೆ 120, ಛಾವಣಿಯ ಮೇಲೆ 115.

ಎರಡೂ ಪುಟಗಳ ಮೊದಲ ಫೋಟೋವನ್ನು ಪಕ್ಕ ಪಕ್ಕ ಇಟ್ಟು ಮಗಳನ್ನು ಕರೆದೆ. ಅವಳಿಗೆ ಆಗಲೇ ಈ ಕಾರು ಅಂದರೆ ಸಾಕಾಗಿತ್ತು. "ಇವೆರಡೂ ಬೇರೆ ಬೇರೆ ಕಾರು ಅಲ್ವಾ?" ಅಂದಳು. ಒಂದೇ ಪುಟ್ಟಾ, ನೋಡು ಇಲ್ಲಿ ಕಲೆ ಇದೆ ಅಂತ ತೋರಿಸಿದೆ. ಕಲೆಯನ್ನು ಒಪ್ಪಿದಳು, ಬಣ್ಣವನ್ನು ಒಪ್ಪಲಿಲ್ಲ. "ಹಂಗಾದ್ರೆ ಬಣ್ಣ ಹೊಡೆಸಿದ್ದಾರೆ" ಅಂದಳು. ಇಲ್ಲ ಅಂದೆ. ನಂಬಲಿಲ್ಲ. ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಕಿಟಕಿಯ ಹತ್ತಿರ ಹೋದಳು, ಕಣ್ಣಿನ ಹತ್ತಿರ ತಂದಳು, ಮೆಲ್ಲಗೆ ಓರೆ ಮಾಡಿದಳು.

"ಈಗ ಕಪ್ಪು" ಅಂದಳು.